ಒಳ್ಳೆ ಉತ್ತರ ಕೊಡುವವರಿಗೂ ಅದೇ ನಿಯಮ

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮ ಟೆಲಿಗ್ರಾಂ ಗ್ರೂಪ್‌ನಿಂದ ಒಬ್ಬ ಹುಡುಗಿ ಸದ್ದಿಲ್ಲದೆ ಹೊರಗೆ ಹೋದಳು. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು ಹೇಳುವುದಿಲ್ಲ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವರ ಗ್ರೂಪ್ ನಮ್ಮದು. ಕೊರೋನಾ ಕಾಲದಲ್ಲಿ ಊರಿಗೆ ಬಂದು ಇಲ್ಲೇ ಉಳಿದವರು ಜಾಸ್ತಿ. ಪಕ್ಕದ ಕುರ್ಚಿಯಲ್ಲಿ ಕೇಳೋಕೆ ಯಾರೂ ಇರಲ್ಲ. ಹಾಗಾಗಿ ಗ್ರೂಪೇ ನಮಗೆ ಆಫೀಸು.

ಆ ಹುಡುಗಿ ಡೇಟಾಬೇಸ್ ಪಾಸ್‌ವರ್ಡನ್ನು ತಪ್ಪಿ ಗಿಟ್‌ಗೆ, ಅಂದರೆ ಕೋಡಿನ ಪ್ರತಿ ಬದಲಾವಣೆಯ ದಾಖಲೆ (ಹಿಸ್ಟರಿ) ಇಡುವ ವ್ಯವಸ್ಥೆಗೆ, ಹಾಕಿಬಿಟ್ಟಿದ್ದಳು. ಗಾಬರಿಯಿಂದ ರಾತ್ರಿ ಹನ್ನೊಂದಕ್ಕೆ ಕೇಳಿದಳು. ಗ್ರೂಪಿನ ಹಿರಿಯರೊಬ್ಬರು ಉತ್ತರ ಕೊಟ್ಟರು. 'ಮೊದಲು ಪಾಸ್‌ವರ್ಡ್ ಬದಲಿಸು, ಆಮೇಲೆ ಹಿಸ್ಟರಿ ತೆಗಿ. ಇಷ್ಟೂ ಗೊತ್ತಿಲ್ಲದವರು ಈ ಕೆಲಸಕ್ಕೆ ಯಾಕೆ ಬರ್ತೀರಿ? ಮನೇಲಿ ಅಡಿಕೆ ಸುಲಿಯೋದಲ್ವಾ?' ಕೆಳಗೆ ಹದಿನಾಲ್ಕು ನಗುವ ಇಮೋಜಿ.

ಅವಳಮ್ಮ ಬೇರೆಯವರ ಅಂಗಳದಲ್ಲಿ ಅಡಿಕೆ ಸುಲಿದು ಮಗಳನ್ನು ಓದಿಸಿದವರು.

ನಾನು ಅಡ್ಮಿನ್. ಮೆಸೇಜ್ ನೋಡಿಯೂ ಮೂರು ದಿನ ಸುಮ್ನಿದ್ದೆ. ಉತ್ತರ ಸರಿ ಇತ್ತಲ್ಲ! ಅವರಿಂದ ನಾನೂ ತುಂಬಾ ಕಲಿತಿದ್ದೇನೆ. ಅವರು ಮುನಿಸಿಕೊಂಡರೆ ಮುಂದೆ ಉತ್ತರ ಹೇಳುವವರು ಯಾರು ಅನ್ನೋ ಭಯ ಬೇರೆ. 'ಯಾರನ್ನೂ ಹೀಯಾಳಿಸಬಾರದು' ಅನ್ನೋ ನಿಯಮ ಎರಡು ವರ್ಷದಿಂದ ಪಿನ್ ಆಗಿಯೇ ಇತ್ತು. ಮೀರಿದರೆ ಏನು ಮಾಡ್ತೀವಿ ಅಂತ ಎಲ್ಲೂ ಬರೆದಿರಲಿಲ್ಲ.

ಆ ಭಯ ಸುಳ್ಳು ಅಂತ ಲಿನಕ್ಸ್‌ನವರನ್ನು, ಅಂದರೆ ಜಗತ್ತಿನ ಎಷ್ಟೋ ಜನ ಸೇರಿ ಬರೆಯುವ ಆ ಮುಕ್ತ ಸಾಫ್ಟ್‌ವೇರ್‌ನವರನ್ನು, ನೋಡಿದರೆ ಗೊತ್ತಾಗುತ್ತೆ. 2018ರ ಸೆಪ್ಟೆಂಬರ್‌ನಲ್ಲಿ ಅವರು ಹೊಸ ನಡತೆ ನಿಯಮ ತಂದರು. ಅದೇ ಹೊತ್ತಿಗೆ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಒರಟು ಮೇಲ್‌ಗಳಿಗೆ ಕ್ಷಮೆ ಕೇಳಿ, ಸುಮಾರು ಒಂದು ತಿಂಗಳು ದೂರ ಉಳಿದರು. ಕೆಲಸ ನಿಲ್ಲಲಿಲ್ಲ. 4.19 ಆವೃತ್ತಿಯನ್ನು ಅವರ ಬದಲು ಗ್ರೆಗ್ ಕ್ರೋ-ಹಾರ್ಟ್‌ಮನ್ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದರು. ಲಿನಕ್ಸೇ ನಡೆಯಿತು ಅಂದಮೇಲೆ ನಮ್ಮ ಗ್ರೂಪ್ ಯಾವ ಲೆಕ್ಕ?

ಕೊನೆಗೆ ಹಿರಿಯರಿಗೆ ಫೋನ್ ಮಾಡಿದೆ. 'ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಮಾರಾಯ?' ಅಂದರು. 'ಉತ್ತರ ಸರಿ ಇತ್ತಣ್ಣ, ಅಡಿಕೆ ಮಾತು ಬೇಡಿತ್ತು' ಅಂದೆ. ಮೆಸೇಜ್ ಅಳಿಸ್ತೀನಿ ಬಿಡು ಅಂದರು. ಆದರೆ ಗಿಟ್‌ನಲ್ಲಿ ಫೈಲ್ ಅಳಿಸಿದರೂ ಹಿಸ್ಟರಿಯಲ್ಲಿ ಉಳಿಯುತ್ತೆ ಅಂತ ಅವರೇ ಹೇಳಿಕೊಟ್ಟಿದ್ದರಲ್ಲ. ಈ ಮಾತೂ ಅಷ್ಟೇ. ಒಂದು ತಿಂಗಳು ಅವರನ್ನು ಹೊರಗಿಟ್ಟೆವು. ಅವರ ಪರವಾಗಿ ಇಬ್ಬರು ಗ್ರೂಪ್ ಬಿಟ್ಟರು.

ಈಗ ನಾಲ್ಕು ಹಂತ ಬರೆದಿಟ್ಟಿದ್ದೇವೆ: ತಿಳಿ ಹೇಳುವುದು, ಎಚ್ಚರಿಕೆ, ಕೆಲವು ದಿನ ಹೊರಗೆ, ಪೂರ್ತಿ ಹೊರಗೆ. ಬಹಳ ಪ್ರಾಜೆಕ್ಟ್‌ಗಳು ಬಳಸುವ ಕಾಂಟ್ರಿಬ್ಯೂಟರ್ ಕವನೆಂಟ್ ಅನ್ನೋ ನಡತೆ ನಿಯಮದ 2.1 ಆವೃತ್ತಿಯಲ್ಲಿ ಇರೋದೂ ಇದೇ. ದೂರು ಕೊಟ್ಟವರ ಗುಟ್ಟು ಕಾಯಬೇಕು ಅಂತಲೂ ಅದರಲ್ಲಿದೆ. ಇದು ಬೆಂಗಳೂರಿಗಿಂತ ನಮ್ಮ ಕಡೆ ಜಾಸ್ತಿ ಬೇಕು. ಇಲ್ಲಿ ಎಲ್ಲರೂ ನೆಂಟರು, ಇಲ್ಲಾ ಪರಿಚಯದವರು. ಹೆಸರು ಹೊರಬಿದ್ದರೆ ಮಾರನೇ ದಿನವೇ ಸೊಸೈಟಿ ಹತ್ತಿರ ಅವಳಮ್ಮನನ್ನು ನಿಲ್ಲಿಸಿ 'ಏನಂತೆ ನಿಮ್ಮ ಹುಡುಗಿದು?' ಅಂತ ಯಾರಾದರೂ ಕೇಳ್ತಾರೆ. 'ಮನೆ ಮಕ್ಕಳ ಜಗಳ, ಒಳಗೇ ಮುಗಿಸಿ' ಅನ್ನುವವರು ಇದನ್ನು ಯೋಚಿಸಬೇಕು. ಒಳಗೇ ಮುಗಿಸೋದು ಅಂದರೆ ನಮ್ಮಲ್ಲಿ ಚಿಕ್ಕವರು ಬಾಯಿ ಮುಚ್ಚಿಕೊಳ್ಳೋದು ಅಂತಲೇ ಅರ್ಥ.

ಹಿರಿಯರು ವಾಪಸ್ ಬಂದಿದ್ದಾರೆ. ಹುಡುಗಿ ಇನ್ನೂ ಬಂದಿಲ್ಲ.

ದೂರು ನೋಡುವುದಕ್ಕೆ ಮೂವರು ಬೇಕು. ಹೆಣ್ಣುಮಕ್ಕಳು ದಯವಿಟ್ಟು ಮುಂದೆ ಬನ್ನಿ. ನಿಮ್ಮ ಗೆಳೆಯರ ಮೇಲೋ ನೆಂಟರ ಮೇಲೋ ದೂರು ಬಂದರೆ ಆವತ್ತಿನ ಮಾತುಕತೆಯಿಂದ ಎದ್ದು ಹೋಗಬೇಕು. ನನ್ನ ಮೇಲೆ ಬಂದರೆ ನಾನೂ ಹೋಗ್ತೀನಿ. ಇದಕ್ಕೆ ಒಪ್ಪುವವರು ಭಾನುವಾರದೊಳಗೆ ನನಗೆ ಮೆಸೇಜ್ ಮಾಡಿ.