ಆ ಕುರ್ಚಿ ಬೇಡ, ಈ ಕುರ್ಚಿ ತಗೊಳ್ಳಿ

ಅಮೆರಿಕದಲ್ಲಿ ಫೆಡರಲ್ ಜಡ್ಜ್ ಆಗಿಬಿಟ್ಟರೆ ಸಾಯುವ ತನಕ ಚಿಂತೆಯಿಲ್ಲ. ಚುನಾವಣೆ ಇಲ್ಲ, ನಿವೃತ್ತಿ ವಯಸ್ಸೂ ಇಲ್ಲ. ಇಳಿಸಲೇಬೇಕು ಅಂದರೆ ಕೆಳಮನೆ ಮಹಾಭಿಯೋಗ ಹೊರಿಸಬೇಕು, ಸೆನೆಟ್ ವಿಚಾರಣೆ ಮಾಡಬೇಕು. ಹಾಗೆ ಇಳಿದ ಆರನೇ ಜಡ್ಜ್ ಫ್ಲೋರಿಡಾದ ಆಲ್ಸೀ ಹೇಸ್ಟಿಂಗ್ಸ್.

ಮೊದಲು ಲಾಯರ್. ಆಮೇಲೆ ಸೆನೆಟ್ ಚುನಾವಣೆಯಲ್ಲಿ ಸೋಲು. 1979ರಲ್ಲಿ ಅಧ್ಯಕ್ಷ ಕಾರ್ಟರ್ ಜಡ್ಜ್ ಮಾಡಿದರು. ಫ್ಲೋರಿಡಾದ ಮೊದಲ ಕಪ್ಪು ಫೆಡರಲ್ ಜಡ್ಜ್, ಸಣ್ಣ ಮಾತಲ್ಲ.

ಎರಡೇ ವರ್ಷ. ಜಡ್ಜ್ ಸ್ನೇಹಿತರಾದ ವಾಷಿಂಗ್ಟನ್ ಲಾಯರ್ ವಿಲಿಯಂ ಬಾರ್ಡರ್ಸ್ ಒಂದು ವ್ಯಾಪಾರ ಕುದುರಿಸಿದರು: ಒಂದೂವರೆ ಲಕ್ಷ ಡಾಲರ್ ಕೊಟ್ಟರೆ ಅಪರಾಧಿಗಳಿಗೆ ಜೈಲು ತಪ್ಪುತ್ತದೆ. ಜಡ್ಜ್ ಕೈಯಲ್ಲಿದ್ದಾರೆ ಅನ್ನೋದಕ್ಕೆ ಗುರುತು? ಇಂಥ ದಿನ ಮಯಾಮಿ ಬೀಚ್‌ನ ಫಾಂಟೆನ್‌ಬ್ಲೂ ಹೋಟೆಲಿಗೆ ಊಟಕ್ಕೆ ಬರ್ತಾರೆ, ನೋಡಿಕೊಳ್ಳಿ. 1981ರ ಸೆಪ್ಟೆಂಬರ್ 16ರಂದು ಜಡ್ಜ್ ಊಟಕ್ಕೆ ಬಂದೇ ಬಂದರು. ಊಟ ಮಾಡೋದು ಅಪರಾಧವೇನಲ್ಲ, ಅಲ್ವಾ? ಆದರೆ ದುಡ್ಡು ಕೊಡಲು ಬಂದಿದ್ದ 'ಅಪರಾಧಿ' ಎಫ್‌ಬಿಐನ ನಿವೃತ್ತ ಏಜೆಂಟ್. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಗಾದೆ ಇಲ್ಲಿ ತಲೆಕೆಳಗಾಯಿತು.

ಆಮೇಲೆ ಬಾರ್ಡರ್ಸ್ ಜೊತೆ ಒಂದು ಫೋನ್ ಕರೆ. 'ಹೆಂಪ್‌ಗೆ ಬರೆಯಬೇಕಿದ್ದ ಕಾಗದಗಳ ಕರಡು ಸಿದ್ಧ' ಅಂತ ಜಡ್ಜ್ ಹೇಳಿದ್ದರು. ಅದು ಲಂಚದ ವ್ಯವಹಾರದ ಸಂಕೇತ ಅಂತ ಸರ್ಕಾರ. ಕಷ್ಟದಲ್ಲಿರೋ ಸ್ನೇಹಿತ ಹೆಂಪ್‌ಗಾಗಿ ನಿಜವಾಗಿಯೂ ಕಾಗದವೇ ಅಂತ ಜಡ್ಜ್. ಬಾರ್ಡರ್ಸ್ ಶಿಕ್ಷೆಗೆ ಗುರಿಯಾದರು. ಜ್ಯೂರಿ 1983ರಲ್ಲಿ ಹೇಸ್ಟಿಂಗ್ಸ್ ಅವರನ್ನು ಬಿಟ್ಟಿತು. ಸಂಸತ್ತು ಬಿಡಲಿಲ್ಲ. 1988ರಲ್ಲಿ ಕೆಳಮನೆ 413-3 ಮತಗಳಿಂದ ಮಹಾಭಿಯೋಗ ಹೊರಿಸಿತು. 1989ರ ಅಕ್ಟೋಬರ್ 20ರಂದು ಸೆನೆಟ್ ಕುರ್ಚಿ ಕಿತ್ತುಕೊಂಡಿತು.

ತಮಾಷೆ ಇರೋದು ಇಲ್ಲೇ. 'ಇನ್ನು ಮುಂದೆ ಇವರಿಗೆ ಯಾವ ಹುದ್ದೆಯೂ ಇಲ್ಲ' ಅನ್ನಲು ಸೆನೆಟ್ ಇನ್ನೊಂದು ಮತ ಹಾಕಬೇಕು. ಅದಕ್ಕೆ ಸುಮ್ನೆ ಬಹುಮತ ಸಾಕು. ಹಾಕಲಿಲ್ಲ. ಕಳ್ಳ ಅಂತ ತೀರ್ಪು ಕೊಟ್ಟು, ಬೀಗದ ಕೈ ವಾಪಸ್ ಇಸ್ಕೊಳ್ಳೋದನ್ನೇ ಮರೆತ ಹಾಗೆ. ಕಾನೂನು ನೋಡಿ ತೀರ್ಪು ಕೊಡಲು ಈ ಮನುಷ್ಯ ಲಾಯಕ್ಕಿಲ್ಲ. ಕಾನೂನನ್ನೇ ಮಾಡೋದಾದರೆ ಅಡ್ಡಿಯಿಲ್ಲ!

ಅವರೂ ಸುಮ್ಮನೆ ಕೂರಲಿಲ್ಲ. 1992ರಲ್ಲಿ ಗೆದ್ದು, 1993ರ ಜನವರಿಯಲ್ಲಿ ಅದೇ ಕೆಳಮನೆಗೆ ಬಂದರು. ಆ 413ರಲ್ಲಿ ಎಷ್ಟೋ ಮಂದಿ ಇನ್ನೂ ಅಲ್ಲೇ ಇದ್ದರು. ಹೊಸ ಸಹೋದ್ಯೋಗಿಗೆ ಕೈಕುಲುಕುವಾಗ ಕಣ್ಣು ಎಲ್ಲಿಟ್ಟುಕೊಂಡರೋ. 2021ರಲ್ಲಿ ತೀರಿಕೊಳ್ಳುವ ತನಕ, ಇಪ್ಪತ್ತೆಂಟು ವರ್ಷ ಅವರು ಜಾಗ ಬಿಡಲಿಲ್ಲ. ಜಡ್ಜ್ ಆಗಿದ್ದಿದ್ದು ಹತ್ತೇ ವರ್ಷ. ಅಂದರೆ ಶಿಕ್ಷೆಯ ನಂತರದ ಸೇವೆಯೇ ಜಾಸ್ತಿ.

ಅನುಭವಸ್ಥರಲ್ವಾ, 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ವಿರುದ್ಧ ತನಿಖೆ ನಡೆಸಿದ ಕೆನೆತ್ ಸ್ಟಾರ್ ಮೇಲೇ ಮಹಾಭಿಯೋಗ ಹೊರಿಸಲು ನಿರ್ಣಯ ತಂದರು. 2019ರಲ್ಲಿ ಟ್ರಂಪ್ ಮೇಲಿನ ಮಹಾಭಿಯೋಗಕ್ಕೆ ಹೂಂ ಅಂದರು. 2006ರಲ್ಲಿ ಕೆಳಮನೆಯ ಗುಪ್ತಚರ ಸಮಿತಿ ಅಧ್ಯಕ್ಷಗಿರಿ ಮಾತ್ರ ಕೈತಪ್ಪಿತು. ತಪ್ಪಿಸಿದವರು 1988ರಲ್ಲಿ ಅವರ ವಿರುದ್ಧ ಮತ ಹಾಕಿದ್ದ, ಅವರದೇ ಪಕ್ಷದ ನಾಯಕಿ ನ್ಯಾನ್ಸಿ ಪೆಲೋಸಿ. ಬಾರ್ಡರ್ಸ್‌ಗೆ? ಕ್ಲಿಂಟನ್ ಅಧಿಕಾರ ಬಿಡೋ ದಿನ ಕ್ಷಮಾದಾನ ಕೊಟ್ಟು ಹೋದರು.

ನನ್ನ ತಕರಾರು ಹೇಸ್ಟಿಂಗ್ಸ್ ಮೇಲಲ್ಲ. ಜ್ಯೂರಿ ಬಿಟ್ಟಿತ್ತು, ಜನ ಮತ್ತೆ ಮತ್ತೆ ಗೆಲ್ಲಿಸಿದರು. ನನಗೆ ಅರ್ಥವಾಗದಿರೋದು ಆ ಸೆನೆಟ್. ಅಮೆರಿಕದಲ್ಲಿ ಜಡ್ಜ್ ಹೆಸರಿನ ಮುಂದೆ 'ಆನರಬಲ್' ಅಂತ ಹಾಕುತ್ತಾರೆ. ಸಂಸದರ ಹೆಸರಿನ ಮುಂದೂ ಅದೇ. ಲೆಟರ್‌ಹೆಡ್ ಅಚ್ಚು ಹಾಕುವವನಿಗೆ ವಿಳಾಸ ಒಂದು ಬದಲಿಸಿದ್ದರೆ ಕೆಲಸ ಮುಗಿಯುತ್ತಿತ್ತು.