ಜೋರ್ಡನ್ ತಪ್ಪಿದ ಚೆಂಡು, ನಮ್ಮೂರಿನ ಹಳ್ಳ

ನಮ್ಮೂರ ಹೈಸ್ಕೂಲಿನಲ್ಲಿ ಒಂದು ಬಾಸ್ಕೆಟ್‌ಬಾಲ್ ಕಂಬ ಇದೆ. ಒಂದೇ. ಎದುರಿನ ಕಂಬ ಬರಲೇ ಇಲ್ಲ. ಬಂದಿದ್ದರೂ ನೆಡುವುದೆಲ್ಲಿ? ಈ ಆಟಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಸಪಾಟು ನೆಲ ಬೇಕು. ಶಿರಸಿಯ ಸೆರಗಿನ ನಮ್ಮೂರಲ್ಲಿ ಸಪಾಟಾಗಿ ಇರುವುದು ಊಟಕ್ಕೆ ಹಾಕಿದ ಬಾಳೆಎಲೆ ಮಾತ್ರ. ಹಾಗಾಗಿ ಕಂಬವನ್ನು ಧರೆಯ ಅಂಚಿಗೆ ನಿಲ್ಲಿಸಿದರು. ಗುರಿ ಸರಿಯಿದ್ದರೆ ಚೆಂಡು ಬಳೆಯೊಳಗೆ ಬೀಳುತ್ತದೆ. ತಪ್ಪಿದರೆ ಧರೆ ಇಳಿದು, ಅಡಿಕೆ ತೋಟ ದಾಟಿ, ಹಳ್ಳ ಸೇರುತ್ತದೆ.

ಈ ಕಂಬ ಇದೆ ಎಂಬ ಒಂದೇ ಕಾರಣಕ್ಕೆ ಆಷಾಢದ ಒಂದು ಶನಿವಾರ ನಮ್ಮ ಶಾಲೆಗೆ ‘ಬಾಸ್ಕೆಟ್‌ಬಾಲ್ ದಿಗ್ಗಜರಿಂದ ಬದುಕಿನ ಪಾಠ’ ಎಂಬ ಶಿಬಿರ ಬಂತು. ಎಲ್ಲಿಂದಲೋ ‘ವ್ಯಕ್ತಿತ್ವ ವಿಕಸನ’ದ ಲೆಕ್ಕಶೀರ್ಷಿಕೆಯಲ್ಲಿ ದುಡ್ಡು ಬಂದಿತ್ತಂತೆ. ಅದೇ ದುಡ್ಡಿನಲ್ಲಿ ಎರಡು ತಾಸು ಜೆಸಿಬಿ ತರಿಸಿ ಮೈದಾನ ಸಮ ಮಾಡಿಸಬಹುದಲ್ವಾ ಅಂತ ನಾನು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿದೆ. ಆಗುವುದಿಲ್ಲವಂತೆ. ಆ ಶೀರ್ಷಿಕೆಯಲ್ಲಿ ವ್ಯಕ್ತಿತ್ವ ಅಗೆಯಬಹುದು, ಮಣ್ಣು ಅಗೆಯುವ ಹಾಗಿಲ್ಲ. ಬಾಯಿ ಮುಚ್ಚಿಸಲು ನನಗೆ ವಂದನಾರ್ಪಣೆ ಕೊಟ್ಟರು.

ಭಾಷಣಕಾರರು ದೂರದ ಪೇಟೆಯವರು. ಕೆನ್ನೆಗೆ ಅಂಟುವ ಮೈಕು, ಲ್ಯಾಪ್‌ಟಾಪು, ಬಿಳಿ ಬೂಟು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ಕಾಲು ಮಡಚಿ ಕೂತಿದ್ದರು.

ಮೊದಲು ಬಂದವನು ಮೈಕೆಲ್ ಜೋರ್ಡನ್. ಇಂಥ ಭಾಷಣಗಳಲ್ಲಿ ಮೊದಲು ಬರುವುದು ಯಾವಾಗಲೂ ಅವನೇ, ಯಕ್ಷಗಾನದ ಆಟಕ್ಕೆ ಮುಂಚೆ ಗಣಪತಿ ಪೂಜೆ ಆದ ಹಾಗೆ. 1978ರಲ್ಲಿ ಅವನನ್ನು ಶಾಲೆಯ ತಂಡದಿಂದ ಹೊರದಬ್ಬಿದರು. ಮನೆಗೆ ಹೋಗಿ ಅತ್ತ. ಛಲ ತೊಟ್ಟ. ಆರು ಸಲ ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗು, ಗೆದ್ದ. ಚಪ್ಪಾಳೆ!

ಆರು ಸಲ ಗೆದ್ದದ್ದು ಸರಿ. ಆದರೆ ಹೊರದಬ್ಬಿದ್ದು ಪೂರ್ತಿ ನಿಜ ಅಲ್ಲ. ಹಿರಿಯರ ತಂಡಕ್ಕೆ ಈಗಲೇ ಬೇಡ, ಕಿರಿಯರ ತಂಡದಲ್ಲಿ ಆಡು ಅಂದರು, ಅಷ್ಟೇ. ಅವನು ಆಡಿದ. ಅಂದರೆ ಆ ಶಾಲೆಯಲ್ಲಿ ಎರಡೆರಡು ತಂಡ ಇದ್ದವು, ಕಲಿಸುವವರಿದ್ದರು. ನಮ್ಮಲ್ಲಿ ಪಿಟಿ ಮಾಸ್ತರು ವರ್ಗವಾಗಿ ಹೋದ ಮೇಲೆ ಆ ಕುರ್ಚಿ ಖಾಲಿ. ನಮ್ಮ ಮಕ್ಕಳನ್ನು ಹೊರದಬ್ಬಿ ಛಲ ಹುಟ್ಟಿಸೋಣ ಅಂದರೂ ಮೊದಲು ಒಂದು ತಂಡ ಬೇಕು, ಆಮೇಲೆ ದಬ್ಬಲಿಕ್ಕೆ ಒಬ್ಬ ಮಾಸ್ತರು ಬೇಕು.

ಅವತ್ತು ಹಿರಿಯರ ತಂಡಕ್ಕೆ ಸೇರಿದ ಗೆಳೆಯನ ಹೆಸರು ಲೆರಾಯ್ ಸ್ಮಿತ್. ಆರಡಿ ಮೀರಿದ ಹುಡುಗ, ಎತ್ತರ ನೋಡಿಯೇ ತೆಗೆದುಕೊಂಡದ್ದು. 2009ರಲ್ಲಿ ಜೋರ್ಡನ್‌ಗೆ ಬಾಸ್ಕೆಟ್‌ಬಾಲ್ ದಿಗ್ಗಜರಿಗೆ ಕೊಡುವ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಲೋಕವನ್ನೇ ಗೆದ್ದಾಗಿತ್ತು. ಆ ದಿನದ ಭಾಷಣದಲ್ಲೂ ಇದೇ ಲೆರಾಯ್ ಸ್ಮಿತ್‌ನ ಹೆಸರು ತೆಗೆದ! ಮೂವತ್ತು ವರ್ಷ ದಾಟಿದರೂ ಮರೆತಿರಲಿಲ್ಲ. ಭಾಷಣಕಾರರು ಇದನ್ನು ‘ಗುರಿಯ ಮೇಲಿನ ನಿಷ್ಠೆ’ ಅಂದರು. ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದೆ. ಸೊಪ್ಪಿನ ಬೆಟ್ಟದ ಗಡಿ ವಿಷಯದಲ್ಲಿ ಅಜ್ಜನ ಕಾಲದಿಂದ ಮಾತು ಬಿಟ್ಟ ಮನೆಗಳು ನಮ್ಮೂರಲ್ಲಿ ಏಳೆಂಟಾದರೂ ಇವೆ. ಈ ಒಂದು ಪಾಠವನ್ನು ಹೊರಗಿನವರು ಬಂದು ನಮಗೆ ಕಲಿಸುವುದು ಬೇಡ.

ಹತ್ತು ನಿಮಿಷದಲ್ಲಿ ‘ಎತ್ತರ ಮುಖ್ಯವೇ ಅಲ್ಲ’ ಎಂಬ ಪಾಠ ಬಂತು. ಮಗ್ಸಿ ಬೋಗ್ಸ್ ಬರೀ ಐದಡಿ ಮೂರಿಂಚು, ಆದರೂ ಎನ್‌ಬಿಎಯಲ್ಲಿ 14 ಸೀಸನ್ ಆಡಿದ. ಹೌದು, ಆಡಿದ. ಅಷ್ಟು ಗಿಡ್ಡವರು ಅಲ್ಲಿ ಬೇರೆ ಯಾರೂ ಆಡಿಲ್ಲ ಎಂಬುದನ್ನು ಹೇಳಲಿಲ್ಲ, ಅಷ್ಟೇ. ಹಿಂದೆಯೇ ಪಂಜಾಬಿನ ಸತ್ನಾಮ್ ಸಿಂಗ್ ಪರದೆಗೆ ಬಂದ. 2015ರಲ್ಲಿ ಎನ್‌ಬಿಎಯ ಡಲ್ಲಾಸ್ ತಂಡ ಆರಿಸಿಕೊಂಡ ಏಳಡಿ ಎರಡಿಂಚಿನ ಹುಡುಗ. ‘ಕನಸು ಕಂಡರೆ ಹೀಗೆ!’ ಅಂದರು. ಎನ್‌ಬಿಎಯಲ್ಲಿ ಒಂದೇ ಒಂದು ಪಂದ್ಯ ಆಡಲೂ ಅವನಿಗೆ ಆಗಲಿಲ್ಲ, ಆಮೇಲೆ ಕುಸ್ತಿ ಶೋಗೆ ಹೋದ. ನಮ್ಮ ಶಿಬಿರದ ಕ್ಯಾಲೆಂಡರು ಮಾತ್ರ 2015ಕ್ಕೇ ನಿಂತಿತ್ತು.

ಟಿಮ್ ಡಂಕನ್ ಕಥೆಗೆ ನನಗೆ ನಗು ತಡೆಯಲಿಲ್ಲ. ಕೆರಿಬಿಯನ್ ಕಡಲಿನ ಸೇಂಟ್ ಕ್ರೋಯ್ ದ್ವೀಪದ ಹುಡುಗ, ಒಳ್ಳೆಯ ಈಜುಗಾರ. 1989ರಲ್ಲಿ ಹ್ಯೂಗೋ ಚಂಡಮಾರುತ ಬಂದು ಈಜುಕೊಳವನ್ನೇ ಹಾಳು ಮಾಡಿತು. ಸಮುದ್ರದಲ್ಲಿ ಈಜಲು ಶಾರ್ಕ್ ಭಯ. ಬಾಸ್ಕೆಟ್‌ಬಾಲಿಗೆ ಬಂದ, ಐದು ಸಲ ಚಾಂಪಿಯನ್ ಆದ. ‘ನಿಮ್ಮ ಜೀವನದ ಬಿರುಗಾಳಿಯನ್ನು ಪ್ರೀತಿಸಿ!’ ಎಂದು ಕೈ ಅಗಲಿಸಿದರು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು. ಬಿರುಗಾಳಿಯನ್ನು ಪ್ರೀತಿಸಲು ನಮಗೇನೂ ತಕರಾರಿಲ್ಲ. ಅದು ಒಡೆಯಲಿಕ್ಕೆ ಮೊದಲು ಒಂದು ಈಜುಕೊಳ ಬೇಡವಾ? ನಮ್ಮಲ್ಲಿ ಅದು ಬಂದರೆ ಬೀಳುವುದು ಅಡಿಕೆ ಮರ ಮತ್ತು ಲೈಟಿನ ಕಂಬ. ಬರುವ ವಾರ ಕಾರವಾರದಲ್ಲೂ ಇದೇ ಭಾಷಣ ಅಂದರು. ಕಡಲ ತೀರದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಶಾರ್ಕ್ ಭಯದಿಂದ ಉದ್ಧಾರವಾದವನ ಕಥೆ! ದೇವರೇ ಕಾಪಾಡಬೇಕು.

ಕತ್ತಲಲ್ಲೇ ಭಾಷಣ ಮುಂದುವರಿಯಿತು. “ಕೋಬಿ ಬ್ರಯಂಟ್ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಅಭ್ಯಾಸ ಶುರು ಮಾಡುತ್ತಿದ್ದ. ನಿಮ್ಮಲ್ಲಿ ನಾಲ್ಕಕ್ಕೆ ಏಳುವವರು ಯಾರು?”

ಹಿಂದಿನ ಸಾಲಿನಿಂದ ಒಬ್ಬ ಹುಡುಗ, “ನಮ್ಮನೆ ಆಯಿ ಏಳ್ತಾಳೆ ಸರ್” ಅಂದ.

“ವೆರಿ ಗುಡ್! ಎದ್ದು ಏನು ಮಾಡ್ತಾರೆ?”

“ಕೊಟ್ಟಿಗೆ ಕೆಲಸ ಇರ್ತದೆ ಸರ್. ಹಾಲು ಕರೀಬೇಕು.”

ಭಾಷಣಕಾರರು ಮುಂದಿನ ಪಾಠಕ್ಕೆ ಹೋದರು. ಕೋಬಿಯ ಅಪ್ಪನೂ ಎನ್‌ಬಿಎ ಆಟಗಾರ ಅನ್ನುವ ಸಂಗತಿ ನಾಲ್ಕು ಗಂಟೆಯ ಕಥೆಯಲ್ಲಿ ಯಾಕೆ ಬರುವುದಿಲ್ಲವೋ ಗೊತ್ತಿಲ್ಲ. ಬರೀ ಬೇಗ ಏಳುವುದರಿಂದ ಆಗುವುದಿದ್ದರೆ ಶಿರಸಿ, ಸಿದ್ದಾಪುರದ ಹೆಂಗಸರೇ ಕೋಬಿಯ ಲೇಕರ್ಸ್ ತಂಡವನ್ನು ತುಂಬಬೇಕಿತ್ತು.

ಕೊನೆಯ ಬಾಣ ಎಲ್ಲರಿಗೂ ಗೊತ್ತಿರುವಂಥದ್ದೇ. ಜೋರ್ಡನ್ 9,000ಕ್ಕೂ ಹೆಚ್ಚು ಸಲ ಗುರಿ ತಪ್ಪಿದ, ಹತ್ತಿರ ಹತ್ತಿರ 300 ಪಂದ್ಯ ಸೋತ, ಅದಕ್ಕೇ ಗೆದ್ದ. ಇದು ಉಪನಿಷತ್ತಿನ ಮಾತಲ್ಲ, 1997ರ ನೈಕಿ ಬೂಟಿನ ಜಾಹೀರಾತು. ಇರಲಿ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಹಳ್ಳಕ್ಕೆ ಇಳಿದು ಚೆಂಡು ಹುಡುಕಿ ಹತ್ತಿ ಬರಲು ಹತ್ತು ನಿಮಿಷ. ಆಟದ ಪಿರಿಯಡ್ ಅರ್ಧ ಗಂಟೆ. ಹಾಗಾಗಿ ದಿನಕ್ಕೆ ಮೂರು ತಪ್ಪು. 9,000 ತಪ್ಪಿಗೆ 3,000 ದಿನ. ವರ್ಷಕ್ಕೆ 220 ದಿನ ಶಾಲೆ ಅಂದುಕೊಂಡರೂ 13 ವರ್ಷ ದಾಟುತ್ತದೆ. ಹೈಸ್ಕೂಲು ಇರುವುದು ಮೂರೇ ವರ್ಷ. ಜೋರ್ಡನ್ ತಪ್ಪಿದ ಚೆಂಡು ಮರದ ನೆಲದ ಮೇಲೆ ಪುಟಿದು ಯಾರದೋ ಕೈಗೆ ವಾಪಸ್ ಬರುತ್ತಿತ್ತು. ಪದೇ ಪದೇ ತಪ್ಪಲಿಕ್ಕೂ ಮನುಷ್ಯನಿಗೆ ಸ್ವಲ್ಪ ಸಪಾಟು ಜಾಗ ಬೇಕಾಗುತ್ತದೆ.

ಮಳೆ ಸ್ವಲ್ಪ ಹೊಳವಾದಾಗ ಪ್ರಾತ್ಯಕ್ಷಿಕೆಗೆ ಹೊರಗೆ ಕರೆದರು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಬಾವಿಯಿಂದ ಎತ್ತಿದ ಕೊಡ ಎಸೆದ ಹಾಗೆ ಕೆಳಗಿನಿಂದ ಮೇಲಕ್ಕೆ ಎಸೆದಳು. ಬಿತ್ತು ಬಳೆಯೊಳಗೆ! ಮಕ್ಕಳು ಕೂಗಿದರು. ಭಾಷಣಕಾರರು ತಲೆ ಅಲ್ಲಾಡಿಸಿ, “ಬಿದ್ದದ್ದು ಲಕ್. ಸ್ಟೈಲ್ ಸರಿಯಿಲ್ಲ” ಅಂದರು.

ಎನ್‌ಬಿಎಯ ಹಳೆಯ ದಿಗ್ಗಜ ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದಾಗ ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಅಡ್ಡಿಯಿಲ್ಲದ ಎಸೆತ, ಎಸೆದದ್ದು ಹೀಗೇ, ಕೆಳಗಿನಿಂದ. 32ರಲ್ಲಿ 28 ಬಿದ್ದಿದ್ದವು. ಆಮೇಲೆ ಹೆಂಗಸರ ಹಾಗೆ ಕಾಣುತ್ತೇನೆ ಎಂದು ನಾಚಿಕೆಯಾಗಿ ಆ ಎಸೆತ ಬಿಟ್ಟ. 1967-68ರ ಹೊತ್ತಿಗೆ ನೂರಕ್ಕೆ 38 ಬೀಳುವಷ್ಟಕ್ಕೆ ಬಂದು ನಿಂತ. ಏಳಡಿ ಎತ್ತರದವನಿಗೂ ನಾಲ್ಕು ಜನ ಏನಂದಾರು ಎಂಬ ಭಯ! ಇದು ಪರದೆಯ ಮೇಲೆ ಬಂದಿರಲಿಲ್ಲ.

“ಈಗ ನೋಡಿ, ಸರಿಯಾದ ಸ್ಟೈಲ್” ಎಂದು ಭಾಷಣಕಾರರು ಬಿಳಿ ಬೂಟಿನಲ್ಲಿ ಹಾರಿದರು. ಚೆಂಡು ಕಬ್ಬಿಣದ ಬಳೆಗೆ ಠಣ್ಣೆಂದು ಬಡಿದು, ಧರೆಗೆ ಜಿಗಿದು, ತೋಟದೊಳಗೆ ಮಾಯವಾಯಿತು. ಆಯಿಯ ಕಥೆ ಹೇಳಿದ ಅದೇ ಹುಡುಗ ಅಭ್ಯಾಸಬಲದಿಂದ ಹಿಂದೆಯೇ ಓಡಿದ. ನಾನು ವಂದನಾರ್ಪಣೆ ಶುರು ಮಾಡಿದೆ. ಅತಿಥಿಗಳಿಗೆ, ಅಧ್ಯಕ್ಷರಿಗೆ, ಮೈಕ್ ಸೆಟ್ಟಿನವರಿಗೆ, ಅವಲಕ್ಕಿ ಕಲಸಿದವರಿಗೆ ಎಲ್ಲ ಹೇಳಿ ಮುಗಿಸುವಾಗ ಹುಡುಗ ಹತ್ತಿ ಬಂದ. ಮೈಯೆಲ್ಲ ಒದ್ದೆ, ಮೊಣಕಾಲಿನ ಕೆಳಗೆ ಎರಡು ಉಂಬಳ.

ಚೆಂಡನ್ನು ಅತಿಥಿಗಳ ಕೈಗೆ ಕೊಟ್ಟು, “ತಗಳಿ ಸರ್” ಅಂದ. “ಇನ್ನು 8,999.”