ನಮ್ಮೂರಿಗೆ ತಾಳ್ಮೆ ಮಾರಲು ಬಂದಿದ್ದಾರೆ

ಆ ಫ್ಲೆಕ್ಸ್ ನೀವೂ ನೋಡಿರ್ತೀರಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದವರ ಕಣ್ಣಿಗೆ ಬೀಳದೆ ಇರಲ್ಲ. ನಸುಗೆಂಪು ಹೂವಿನ ಫೋಟೊ. ಕೆಳಗೆ 'ಅವಸರ, ಸಿಡುಕು, ಅಸಹನೆಗೆ ಹೂವಿನ ಔಷಧ'. ಹೆಸರು ಇಂಪೇಷನ್ಸ್. ನಾಲಿಗೆ ಮೇಲೆ ಎರಡು ಹನಿ, ತಾಳ್ಮೆ ರೆಡಿ.

ಮಾರುವವರ ಧೈರ್ಯ ಮೆಚ್ಚಬೇಕು. ತಾಳ್ಮೆ ಮಾರೋಕೆ ಸಿಕ್ಕಿದ್ದು ನಮ್ಮೂರು! ಬೀದರ್–ಕಲಬುರಗಿ ರೈಲು ಮಾರ್ಗ ಮಂಜೂರಾಗಿದ್ದು 1997-98ರಲ್ಲಿ, ಕಲಬುರಗಿವರೆಗೂ ರೈಲು ಬಂದಿದ್ದು 2017ರಲ್ಲಿ. ಸುಮಾರು 110 ಕಿಲೋಮೀಟರ್. ವರ್ಷಕ್ಕೆ ಐದೂವರೆ ಕಿಲೋಮೀಟರ್ ಲೆಕ್ಕ ಬೀಳುತ್ತೆ. ಅದಕ್ಕೂ ನಾವು ಪಟಾಕಿ ಹೊಡೆದು ಪೇಡಾ ಹಂಚಿದೆವು. ಕಲಬುರಗಿಗೇ ಅಂತ ಬೇರೆ ರೈಲ್ವೆ ವಿಭಾಗಕ್ಕೆ 2014ರಲ್ಲಿ ಅಡಿಗಲ್ಲು ಬಿತ್ತು. ಅದು ಇನ್ನೂ ಬೇಡಿಕೆ ಪಟ್ಟಿಯಲ್ಲೇ ಇದೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದರೂ ನಮ್ಮವರು ಲೈನ್‌ಮನ್‌ಗೆ ಫೋನ್ ಮಾಡಲ್ಲ, ಬೀಸಣಿಗೆ ಹುಡುಕ್ತಾರೆ.

ಹೂವಿನ ಕಥೆ ಮಾತ್ರ ಚೆಂದ ಇದೆ, ಹೇಳಲೇಬೇಕು. ಇದು ಹಿಮಾಲಯದ ಗಿಡ. ನಮ್ಮ ಅಂಗಳದ ಗೌರಿ ಹೂವಿನ ದಾಯಾದಿ. 1839ರಲ್ಲಿ ಬ್ರಿಟಿಷರು ತೋಟದ ಅಂದಕ್ಕೆ ಅಂತ ತಮ್ಮೂರಿಗೆ ಒಯ್ದರು. ಬಲಿತ ಕಾಯಿ ಮುಟ್ಟಿದರೆ ಸಾಕು, ಸಿಪ್ಪೆ ಸುರುಳಿ ಸುತ್ತಿ ಪಟ್ ಅಂತ ಸಿಡಿಯುತ್ತೆ. ಬೀಜ ಏಳು ಮೀಟರ್‌ವರೆಗೂ ಹಾರುತ್ತೆ. ಹಾಗೆ ಹಾರಿ ಹಾರಿ ತೋಟ ದಾಟಿ ಅಲ್ಲಿನ ಹೊಳೆದಂಡೆಗಳನ್ನೆಲ್ಲ ಹಿಡಿದು ಕೂತಿದೆ. ಅಲ್ಲಿಯ ಜನ ಪ್ರತಿ ಬೇಸಿಗೆಯಲ್ಲಿ ಗುಂಪು ಕಟ್ಟಿಕೊಂಡು ಹೋಗಿ ಕಿತ್ತೆಸೀತಾರೆ. ಅವರ ಮೇಲೆ ನಾವು ತೀರಿಸಿಕೊಂಡ ಸೇಡು ಬಹುಶಃ ಇದೊಂದೇ.

ಇಂಥ ಗಿಡದಲ್ಲಿ ಇಂಗ್ಲೆಂಡಿನ ವೈದ್ಯ ಡಾ. ಎಡ್ವರ್ಡ್ ಬ್ಯಾಚ್ 1928ರಲ್ಲಿ ಅವಸರಕ್ಕೆ ಮದ್ದು ಕಂಡರು. ಪಕ್ಕದವರ ಕೆಲಸ ನಿಧಾನ ಅಂತ ಕೈಯಿಂದ ಕಿತ್ತುಕೊಂಡು ತಾವೇ ಮಾಡುವ ಜನರಿಗಂತೆ. ತಯಾರಿ ಸುಲಭ. ಹೂವನ್ನ ನೀರಿನ ಬಟ್ಟಲಲ್ಲಿ ತೇಲಿಬಿಟ್ಟು ಮೂರು ತಾಸು ಬಿಸಿಲಿಗಿಡೋದು, ಸೋಸಿ ಅಷ್ಟೇ ಬ್ರಾಂದಿ ಬೆರೆಸೋದು. ಆಮೇಲೆ ಅದರ ಎರಡು ಹನಿಯನ್ನ 30 ಮಿ.ಲೀ. ಬ್ರಾಂದಿಗೆ ಹಾಕೋದು. ಅಲ್ಲಿಗೆ ಬಾಟಲಿಯಲ್ಲಿ ಉಳಿದಿದ್ದು ಏನು ಅಂತ ನೀವೇ ಲೆಕ್ಕ ಹಾಕಿ. ನಮ್ಮ ವೈನ್ ಶಾಪ್ ಮುಂದೆ ನಿಲ್ಲುವವರು ಹೂವಿನ ಗೊಡವೆಯೇ ಇಲ್ಲದೆ ಇದನ್ನೇ ಮಾಡ್ತಿದ್ದಾರೆ, ಅದೂ ಕಡಿಮೆ ರೇಟಿಗೆ.

2010ರಲ್ಲಿ ಎಡ್ಜಾರ್ಡ್ ಅರ್ನ್ಸ್ಟ್ ಎಂಬ ಪ್ರೊಫೆಸರ್ ಈ ಹೂಮದ್ದಿನ ಪ್ರಯೋಗಗಳನ್ನ ಜಾಲಾಡಿ ನೋಡಿದರು. ಔಷಧ ಅಂತ ಸುಮ್ನೆ ಏನೋ ಕೊಟ್ಟರೂ ಇಷ್ಟೇ ಗುಣ ಅಂತ ಗೊತ್ತಾಯ್ತು. ಸಿಡುಕಿಗೆ ಎರಡು ಹನಿ ಹಾಕಿಕೊಂಡರೆ ನನ್ನದೇನೂ ತಕರಾರಿಲ್ಲ. ಆದರೆ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಊಟ ಬಿಟ್ಟು ಮೂಲೆ ಹಿಡಿದ ಮಗಳನ್ನೂ ಅಪ್ಪ-ಅಮ್ಮ ಈ ಹೂಮದ್ದಿನ ಅಂಗಡಿಗೇ ಕರೆದುಕೊಂಡು ಹೋಗ್ತಾರೆ. ಮಾನಸಿಕ ವೈದ್ಯರ ಹತ್ರ ಹೋದರೆ ಊರೆಲ್ಲ ಹುಚ್ಚಿ ಅನ್ನುತ್ತೆ, ಹೂವಾದರೆ ಯಾರೂ ಏನೂ ಅನ್ನಲ್ಲ. ಅವಳ ಕೈಗೂ ಒಂದು ಬಾಟಲಿ ಕೊಟ್ಟು ಕಳಿಸ್ತಾರೆ. ಇದಕ್ಕೆ ನಗೋಕೆ ನನ್ನಿಂದಾಗಲ್ಲ. ಇದು ದಗಾ.

ಬ್ಯಾಚ್ ಮದ್ದುಗಳು ಒಟ್ಟು 38. ಅದರಲ್ಲಿ ಕಾಡು ಗುಲಾಬಿ ಅಂತ ಒಂದಿದೆ. 'ಆಗಿದ್ದಾಗಲಿ, ನಮ್ಮ ಹಣೆಬರಹ' ಅಂತ ಕೈಚೆಲ್ಲಿ ಕೂತವರಿಗೆ. ನಮ್ಮೂರಿಗೆ ಬೇಕಾದ್ದು ಅದೇ ಅಲ್ವಾ ಅಂತ ಅಂಗಡಿಯವರನ್ನ ಕೇಳಿದೆ.

"ಅದನ್ನ ತರಿಸೋದಿಲ್ರಿ ಸಾಹೇಬ್ರ. ಕೇಳೋರೇ ಇಲ್ಲ ನೋಡ್ರಿ."